ಗೇಮ್ ಹಾಕಿದ ಕೂಡಲೇ ಪಿಸಿ ಆಫ್. ಎಷ್ಟು ವ್ಯಾಟ್ ಎಸ್‌ಎಂಪಿಎಸ್ (ಪಿಸಿಗೆ ಕರೆಂಟ್ ಕೊಡುವ ಪೆಟ್ಟಿಗೆ) ತೆಗೆದುಕೊಳ್ಳಲಿ?

ತುಂಗೆಯ_ದಂಡೆ:
ತಲೆ ಕೆಟ್ಟುಹೋಗಿದೆ. ಪ್ರೊಸೆಸರ್ ರೈಝೆನ್ 5 5600, ಗ್ರಾಫಿಕ್ಸ್ ಕಾರ್ಡ್ ಆರ್‌ಟಿಎಕ್ಸ್ 3070, 16 ಜಿಬಿ ರ‍್ಯಾಮ್. ಕಾರ್ಡ್ ಸೆಕೆಂಡ್ ಹ್ಯಾಂಡ್, ಆದರೆ ಮಾರಿದವರ ಮನೆಯಲ್ಲಿ ನನ್ನ ಕಣ್ಣೆದುರೇ ಚೆನ್ನಾಗಿ ಓಡುತ್ತಿತ್ತು. ಬ್ರೌಸರ್, ಸಿನಿಮಾ ಎಲ್ಲ ಸರಿ. ಗೇಮ್ ಶುರುವಾಗಿ ಸ್ವಲ್ಪ ಹೊತ್ತಿಗೆ ಟಪ್ ಅಂತ ಆಫ್. ನೀಲಿ ಸ್ಕ್ರೀನ್ ಇಲ್ಲ, ಎರರ್ ಇಲ್ಲ, ಥೇಟ್ ಕರೆಂಟ್ ಹೋದ ಹಾಗೆ. ಎಸ್‌ಎಂಪಿಎಸ್ ಹೊಸದೇ, ಆದರೂ ಅಂಗಡಿಯವರು ಬದಲಿಸಿ ಅನ್ನುತ್ತಾರೆ. 550 ಸಾಕಾ, 750 ಬೇಕಾ?

ಕೂಲರ್_ಕಿಟ್ಟಿ:
ಇದು ಬಿಸಿಯ ಸಮಸ್ಯೆ ಗುರು. ಸುಮ್ನೆ ದುಡ್ಡು ಸುರಿಯಬೇಡಿ. ಚಿಪ್‌ನ ಬಿಸಿಯನ್ನು ಕೂಲರ್‌ಗೆ ದಾಟಿಸುವ ಥರ್ಮಲ್ ಪೇಸ್ಟ್ ಬದಲಿಸಿ.

ತುಂಗೆಯ_ದಂಡೆ:
ಸಿಪಿಯು 68 ಡಿಗ್ರಿ, ಕಾರ್ಡ್ 70 ದಾಟುವುದಿಲ್ಲ.

ಕೂಲರ್_ಕಿಟ್ಟಿ:
ಅದು ಕೋರ್ ಬಿಸಿ. ಕಾರ್ಡ್‌ನ ಮೆಮೊರಿ ಬಿಸಿ ಬೇರೆ. ಸೆಕೆಂಡ್ ಹ್ಯಾಂಡ್ ಅಂದರೆ ಕ್ರಿಪ್ಟೋ ಮೈನಿಂಗ್‌ನಲ್ಲಿ ದುಡಿದಿರಬಹುದು. ಮೆಮೊರಿ ಮೇಲಿನ ಥರ್ಮಲ್ ಪ್ಯಾಡ್, ಪೇಸ್ಟ್ ಎರಡೂ ಬದಲಿಸಿ. ಅಲ್ಲಿಯವರೆಗೆ ಕ್ಯಾಬಿನೆಟ್ ಬಾಗಿಲು ತೆಗೆದು ಎದುರಿಗೆ ಟೇಬಲ್ ಫ್ಯಾನ್ ಇಟ್ಟು ಆಡಿ ನೋಡಿ.

ಮಲ್ಟಿಮೀಟರ್:
ಬಿಸಿಯಾದರೆ ಸಾಮಾನ್ಯವಾಗಿ ಮೊದಲು ಸ್ಪೀಡ್ ಇಳಿಯುತ್ತದೆ, ಫ್ರೇಮ್ ಬೀಳುತ್ತದೆ. ಹೀಗೆ ಒಮ್ಮೆಲೇ ಹೋಗುವುದು ಎಸ್‌ಎಂಪಿಎಸ್ ಟ್ರಿಪ್ ಆಗುವ ಲಕ್ಷಣ. ಈಗ ಇರುವುದು ಯಾವುದು ಅಂತ ನೀವು ಹೇಳಲೇ ಇಲ್ಲವಲ್ಲ? ಲೇಬಲ್‌ನಲ್ಲಿ +12 ವೋಲ್ಟ್ ಕೆಳಗೆ ಎಷ್ಟು ಆಂಪ್ ಅಂತ ನೋಡಿ. ಖರ್ಚಿಲ್ಲದ ಪರೀಕ್ಷೆ ಒಂದಿದೆ: ಆಫ್ಟರ್‌ಬರ್ನರ್ ಅನ್ನುವ ಸಾಫ್ಟ್‌ವೇರ್‌ನಲ್ಲಿ ಕಾರ್ಡ್‌ನ ಪವರ್ ಲಿಮಿಟ್ 70 ಪರ್ಸೆಂಟ್‌ಗೆ ಇಳಿಸಿ ಆಡಿ. ಆಗ ಆಫ್ ಆಗದಿದ್ದರೆ ಅನುಮಾನ ಎಸ್‌ಎಂಪಿಎಸ್ ಮೇಲೆಯೇ.

ಆರ್‌ಜಿಬಿ_ರಾಯ:
ಇಷ್ಟೆಲ್ಲ ಯಾಕೆ, 1000 ವ್ಯಾಟ್‌ನ ಗೋಲ್ಡ್ ಬ್ಯಾಡ್ಜ್ ಎಸ್‌ಎಂಪಿಎಸ್ ಹಾಕಿ ನೆಮ್ಮದಿಯಾಗಿರಿ. ನನ್ನದು 4090 ಕಾರ್ಡ್, ಪ್ಲಾಟಿನಂ 1000 ವ್ಯಾಟ್, ವಾಟರ್ ಲೂಪ್, ಬಿಳಿ ಕ್ಯಾಬಿನೆಟ್‌ಗೆ ಬಿಳಿ ಕೇಬಲ್. ಸಂಜೆ ಫೋಟೋ ಹಾಕುತ್ತೇನೆ. ಬ್ರಾಂಜ್ ತೆಗೆದುಕೊಂಡರೆ ಉಳಿಸಿದ್ದೆಲ್ಲ ಕರೆಂಟ್ ಬಿಲ್‌ಗೆ ಹೋಗುತ್ತದೆ.

ಮೈಸೂರ್_ಮೋಡರ್:
ಬಿಲ್ ಲೆಕ್ಕ ತಪ್ಪು. ಅರ್ಧ ಲೋಡ್‌ನಲ್ಲಿ ಬ್ರಾಂಜ್‌ನ ದಕ್ಷತೆ 85 ಪರ್ಸೆಂಟ್, ಗೋಲ್ಡ್ 90 ಅಂತ ಇಟ್ಟುಕೊಳ್ಳಿ. ಪಿಸಿ 300 ವ್ಯಾಟ್ ಎಳೆದರೆ ಗೋಡೆಯಿಂದ ಬರುವುದರಲ್ಲಿ ವ್ಯತ್ಯಾಸ 20 ವ್ಯಾಟ್. ದಿನಕ್ಕೆ 4 ಗಂಟೆ ಆಡಿದರೂ ತಿಂಗಳಿಗೆ ಎರಡೂವರೆ ಯೂನಿಟ್. 80 ಪ್ಲಸ್ ಬ್ಯಾಡ್ಜ್ (ಈ ಬ್ರಾಂಜ್, ಗೋಲ್ಡ್, ಪ್ಲಾಟಿನಂ) ಹೇಳುವುದು ಎಷ್ಟು ಕರೆಂಟ್ ವ್ಯರ್ಥವಾಗುತ್ತದೆ ಅಂತ ಮಾತ್ರ. ಒಳಗಿನ ಪ್ರೊಟೆಕ್ಷನ್ ಹೇಗಿದೆ ಅಂತ ಅದು ಹೇಳುವುದಿಲ್ಲ.

ಆರ್‌ಜಿಬಿ_ರಾಯ:
ಬಿಲ್ ಬಿಡಿ. ಗೋಲ್ಡ್‌ನಲ್ಲಿ ಕೆಪಾಸಿಟರ್ ಕೂಡ ಒಳ್ಳೆಯದಿರುತ್ತದೆ.

ಮೈಸೂರ್_ಮೋಡರ್:
ಎಷ್ಟೋ ಸಲ ಹೌದು. ಗ್ಯಾರಂಟಿ ಇಲ್ಲ. ಬ್ಯಾಡ್ಜ್ ನೋಡಿ ಅಲ್ಲ, ಆ ಮಾಡೆಲ್‌ನ ರಿವ್ಯೂ ನೋಡಿ ತೆಗೆದುಕೊಳ್ಳಬೇಕು.

ತುಂಗೆಯ_ದಂಡೆ:
ಪವರ್ ಲಿಮಿಟ್ ಇಳಿಸಿದೆ, ಆಫ್ ಆಗಲಿಲ್ಲ! ಲೇಬಲ್‌ನಲ್ಲಿ 450 ವ್ಯಾಟ್ ಅಂತ ದೊಡ್ಡದಾಗಿದೆ. +12 ವೋಲ್ಟ್‌ಗೆ 22 ಆಂಪ್. ಕ್ಯಾಬಿನೆಟ್ ಜೊತೆಗೇ ಬಂದದ್ದು. ಕಾರ್ಡ್‌ಗೆ ಎರಡು 8 ಪಿನ್ ಕರೆಂಟ್ ಕನೆಕ್ಟರ್ ಬೇಕು, ಇದರಲ್ಲಿ ಇದ್ದದ್ದು ಒಂದೇ. ಇನ್ನೊಂದಕ್ಕೆ ಹಳೇ 4 ಪಿನ್ ಮೋಲೆಕ್ಸ್ ಕನೆಕ್ಟರ್‌ನಿಂದ ಕನ್ವರ್ಟರ್ ಹಾಕಿದ್ದೇನೆ. ಆಮೇಲೆ, ಕ್ಯಾಬಿನೆಟ್ ಮುಟ್ಟಿದರೆ ಜುಮ್ ಅನ್ನುತ್ತದೆ. ಅದಕ್ಕೂ ಇದಕ್ಕೂ ಸಂಬಂಧ ಇದೆಯಾ?

ಮಲ್ಟಿಮೀಟರ್:
ಆ ಕನ್ವರ್ಟರ್ ಇವತ್ತೇ ತೆಗೆಯಿರಿ. ಒಂದು 8 ಪಿನ್‌ಗೆ 150 ವ್ಯಾಟ್ ವರೆಗೆ ಎಳೆಯುವ ಹಕ್ಕಿದೆ, ಅಂದರೆ 12.5 ಆಂಪ್. ಮೋಲೆಕ್ಸ್‌ನಲ್ಲಿ 12 ವೋಲ್ಟ್‌ಗೆ ಇರುವುದು ಒಂದೇ ತಂತಿ. ಪ್ಲಾಸ್ಟಿಕ್ ಕರಗಬಹುದು.
ಈಗ ಲೆಕ್ಕ. 12 ಗುಣಿಸು 22, ಬರೀ 264 ವ್ಯಾಟ್. ಉಳಿದದ್ದು 5 ವೋಲ್ಟ್, 3.3 ವೋಲ್ಟ್‌ನ ಪಾಲು, ಅದು ನಿಮ್ಮ ಕಾರ್ಡ್‌ಗೆ ಉಪಯೋಗಕ್ಕೆ ಬಾರದು. 3070 ಒಂದೇ 220 ವ್ಯಾಟ್, 5600 ಪೂರ್ತಿ ಓಡಿದರೆ 76. ಅಲ್ಲಿಗೇ 296 ಆಯಿತು. ಅದರ ಮೇಲೆ ಈ 30 ಸೀರೀಸ್ ಕಾರ್ಡ್‌ಗಳು ಕೆಲವು ಮಿಲಿಸೆಕೆಂಡ್ ಇನ್ನೂ ಜಾಸ್ತಿ ಎಳೆಯುತ್ತವೆ. ಎನ್‌ವಿಡಿಯಾ ಕೂಡ 3070ಗೆ 650 ವ್ಯಾಟ್ ಅಂತಲೇ ಹೇಳಿದೆ. 12 ವೋಲ್ಟ್‌ನಲ್ಲಿ 50 ಆಂಪ್‌ಗಿಂತ ಮೇಲಿರುವ ಒಳ್ಳೆಯ 650 ತೆಗೆದುಕೊಳ್ಳಿ, ಕಾರ್ಡ್‌ಗೆ ಎರಡು ಬೇರೆ ಬೇರೆ ಕೇಬಲ್ ಹಾಕಿ. 1000 ಬೇಡ.

ಕೂಲರ್_ಕಿಟ್ಟಿ:
ಪವರ್ ಇಳಿಸಿದರೆ ಬಿಸಿಯೂ ಇಳಿಯುತ್ತದೆ ಅಲ್ವಾ? ನಾನು ಹೇಳಿದ ಪ್ಯಾಡ್ ಇನ್ನೂ ಯಾರೂ ನೋಡಿಲ್ಲ.

ಹಳೇ_ವೈರಿಂಗ್:
ಜುಮ್ ಅನ್ನುವುದಕ್ಕೆ ಕಾರಣ ಅರ್ಥಿಂಗ್ ಇಲ್ಲದಿರುವುದು. ಎಸ್‌ಎಂಪಿಎಸ್ ಒಳಗಿನ ಫಿಲ್ಟರ್ ಕೆಪಾಸಿಟರ್‌ಗಳಿಂದ ಕ್ಯಾಬಿನೆಟ್‌ಗೆ ಸ್ವಲ್ಪ ಕರೆಂಟ್ ಸೋರುತ್ತದೆ, ಅದು ಅರ್ಥ್‌ಗೆ ಹೋಗಬೇಕು. ಹೊಸದು ಹಾಕಿದರೂ ಜುಮ್ ನಿಲ್ಲುವುದಿಲ್ಲ. ಎಲೆಕ್ಟ್ರಿಷಿಯನ್ ಕರೆಸಿ. ಸಾಕೆಟ್ ಒಳಗೆ ನ್ಯೂಟ್ರಲ್‌ನಿಂದಲೇ ಅರ್ಥ್‌ಗೆ ತುಂಡು ವೈರ್ ಎಳೆದು ಕೊಡುತ್ತೇನೆ ಅಂದರೆ ಒಪ್ಪಲೇಬೇಡಿ. ಮುಂದೆ ನ್ಯೂಟ್ರಲ್ ಕಿತ್ತುಹೋದರೆ ಕ್ಯಾಬಿನೆಟ್‌ಗೆ ಪೂರ್ತಿ 230 ವೋಲ್ಟ್ ಬರುತ್ತದೆ.

ತುಂಗೆಯ_ದಂಡೆ:
ಗೆಳೆಯನ ಹತ್ತಿರ 650 ವ್ಯಾಟ್ ಮಾಡ್ಯುಲರ್ (ಕೇಬಲ್ ಬಿಡಿಸಿ ತೆಗೆಯುವಂಥ) ಎಸ್‌ಎಂಪಿಎಸ್ ಒಂದಿದೆ, ಕೇಬಲ್ ಕಳೆದುಹೋಗಿದೆ. ರಾಯರೇ, ನಿಮ್ಮ ಹಳೇ ಕೇಬಲ್ ಇದ್ದರೆ ಕೊಡುತ್ತೀರಾ?

ಆರ್‌ಜಿಬಿ_ರಾಯ:
ಧಾರಾಳವಾಗಿ. ಒಂದು ಡಬ್ಬ ತುಂಬ ಇದೆ.

ಮಲ್ಟಿಮೀಟರ್:
ಬೇಡ ಬೇಡ! ಕಾರ್ಡ್ ಕಡೆಯ ಪಿನ್ ಎಲ್ಲದರಲ್ಲೂ ಒಂದೇ, ಎಸ್‌ಎಂಪಿಎಸ್ ಕಡೆಯದು ಕಂಪನಿಗೊಂದು ತರಹ. ಒಂದೇ ಕಂಪನಿಯ ಎರಡು ಮಾಡೆಲ್‌ಗೂ ಬೇರೆ ಇರುವುದುಂಟು. ಸರಿಯಾಗಿ ಕೂತುಕೊಳ್ಳುತ್ತದೆ, ಆದರೆ 5 ವೋಲ್ಟ್ ಜಾಗಕ್ಕೆ 12 ಹೋದರೆ ಎಸ್‌ಎಸ್‌ಡಿ ಸುಟ್ಟುಹೋಗುತ್ತದೆ. ಮೊದಲು ಗೆಳೆಯನ ಎಸ್‌ಎಂಪಿಎಸ್ ಮಾಡೆಲ್ ನಂಬರ್ ಇಲ್ಲಿ ಹಾಕಿ.