ಇಪ್ಪತ್ತು ವರ್ಷದ ಫೋಟೋ ರಾಶಿ: ಎಲ್ಲಿಂದ ಶುರು ಮಾಡುವುದು?

ಸಾಗರದಿಂದ ಕೇಳಿದ್ದು

ಡಿಜಿಟಲ್ ಕ್ಯಾಮೆರಾ ಕೊಂಡಾಗಿನಿಂದ ತೆಗೆದದ್ದೆಲ್ಲ ಸೇರಿ ಫೋಟೋಗಳು 50,000 ದಾಟಿವೆ. ಎರಡು ಹಾರ್ಡ್ ಡಿಸ್ಕ್, ಒಂದು ಹಳೆ ಲ್ಯಾಪ್‌ಟಾಪ್, ಒಂದಷ್ಟು ಸಿಡಿ, ಮನೆಯವರ ಫೋನುಗಳು. ಒಂದೇ ಫೋಟೋ ನಾಲ್ಕು ಕಡೆ ಇದೆ. ಮಾರಿಕಾಂಬಾ ಜಾತ್ರೆಯ ಹಳೆ ಫೋಟೋ ಬೇಕೆಂದರೆ ಅರ್ಧ ದಿನ ಹುಡುಕಬೇಕು. ಅಪ್ಪನ ಕಾಲದ ಆಲ್ಬಮ್‌ಗಳನ್ನೂ ಸ್ಕ್ಯಾನ್ ಮಾಡಬೇಕು. ನೀವೆಲ್ಲ ಹೇಗೆ ಮಾಡಿದಿರಿ, ಹೇಳಿ.

ಶಿವಮೊಗ್ಗದಿಂದ

ಅಳಿಸುವುದರಿಂದ ಶುರು ಮಾಡಬೇಡಿ. ಎಲ್ಲರಿಗೂ ಮೊದಲು ಕೈ ಹೋಗುವುದು ಅಲ್ಲಿಗೇ. ಮೊದಲು ದೊಡ್ಡದೊಂದು ಡಿಸ್ಕ್ ಕೊಂಡು ಎಲ್ಲವನ್ನೂ ಅದಕ್ಕೆ ಕಾಪಿ ಮಾಡಿ. ಕಟ್ ಅಲ್ಲ, ಕಾಪಿ. ಸಿಡಿಗಳನ್ನು ಎಲ್ಲಕ್ಕಿಂತ ಮುಂಚೆ ಇಳಿಸಿಕೊಳ್ಳಿ, ಅವು ಓದದೇ ಹೋಗುವ ಸಾಧ್ಯತೆ ಜಾಸ್ತಿ. ಆ ರಾಶಿಯ ಇನ್ನೊಂದು ಪ್ರತಿ ಮಾಡಿ ಬೀರುವಿನಲ್ಲಿಡಿ. ಆಮೇಲೆ ಧೈರ್ಯವಾಗಿ ಕೆಲಸ ಮಾಡಬಹುದು.

ಫೋಲ್ಡರ್‌ಗೆ ದಿನಾಂಕವೊಂದೇ ಆಧಾರವಾಗಿರಲಿ. ವರ್ಷಕ್ಕೊಂದು ಫೋಲ್ಡರ್, ಅದರೊಳಗೆ ‘2019-08-10 ತುಂಗೆಯ ನೆರೆ’ ಅನ್ನುವ ಹಾಗೆ. ವರ್ಷ, ತಿಂಗಳು, ದಿನ, ಇದೇ ಕ್ರಮದಲ್ಲಿ ಬರೆದರೆ ಕಂಪ್ಯೂಟರ್ ತಾನಾಗಿಯೇ ಕಾಲಕ್ಕೆ ಸರಿಯಾಗಿ ಜೋಡಿಸುತ್ತದೆ. ದಿನವನ್ನು ಮುಂದೆ ಬರೆದರೆ ಎಲ್ಲ ತಿಂಗಳ 1ನೇ ತಾರೀಖುಗಳೂ ಒಟ್ಟಿಗೆ ಬಂದು ಕೂರುತ್ತವೆ. ‘ಪ್ರವಾಸ’, ‘ಕುಟುಂಬ’ ಅಂತ ಫೋಲ್ಡರ್ ಬೇಡ. ಮಾವನ ಮಕ್ಕಳ ಜೊತೆ ಜೋಗಕ್ಕೆ ಹೋದ ಫೋಟೋ ಎರಡರಲ್ಲಿ ಯಾವುದಕ್ಕೆ ಸೇರಬೇಕು? ತೆಗೆದ ದಿನ ಮಾತ್ರ ಒಂದೇ. ಉಳಿದದ್ದೆಲ್ಲ ಟ್ಯಾಗ್‌ನಲ್ಲಿರಲಿ, ಅಂದರೆ ಫೋಟೋಗೆ ಅಂಟಿಸುವ ಹೆಸರಿನ ಚೀಟಿಯಲ್ಲಿ. ‘ಮಾರಿಕಾಂಬಾ ಜಾತ್ರೆ’ ಅಂತ ಒಂದು ಟ್ಯಾಗ್ ಹಾಕಿದರೆ 2017, 2020, 2023ರ ಜಾತ್ರೆಗಳು ಒಂದೇ ಸಲ ಕಣ್ಣಮುಂದೆ ಬರುತ್ತವೆ. ಫೋಲ್ಡರ್ ಕದಲಿಸಬೇಕಿಲ್ಲ.

ನಾನು ಬಳಸುವುದು ಡಿಜಿಕ್ಯಾಮ್ ಅನ್ನುವ ಫೋಟೋ ಜೋಡಿಸುವ ಸಾಫ್ಟ್‌ವೇರ್. ಉಚಿತ, ವಿಂಡೋಸ್‌ನಲ್ಲೂ ಲಿನಕ್ಸ್‌ನಲ್ಲೂ ಓಡುತ್ತದೆ. ಅದರ ಸೆಟಿಂಗ್ಸ್‌ನಲ್ಲಿ ಟ್ಯಾಗ್‌ಗಳನ್ನು ಫೋಟೋ ಫೈಲಿನೊಳಗೇ ಬರೆಯುವ ಆಯ್ಕೆ ಇದೆ. ಮರೆಯದೆ ಅದನ್ನು ಆನ್ ಮಾಡಿ. ಇಲ್ಲದಿದ್ದರೆ ನಿಮ್ಮ ಶ್ರಮವೆಲ್ಲ ಆ ಸಾಫ್ಟ್‌ವೇರ್‌ನ ಡೇಟಾಬೇಸ್‌ನಲ್ಲೇ ಉಳಿಯುತ್ತದೆ. ಗೂಗಲ್‌ನ ಫೋಟೋ ಸಾಫ್ಟ್‌ವೇರ್ ಪಿಕಾಸಾ 2016ರಲ್ಲಿ ನಿಂತಿತಲ್ವಾ? ನಾಳೆ ಯಾವುದು ನಿಂತರೂ ಟ್ಯಾಗ್ ಫೋಟೋ ಜೊತೆಗೇ ಹೋಗಬೇಕು.

ದಿನಾಂಕವನ್ನು ಕ್ಯಾಮೆರಾ ತಾನೇ ಫೈಲಿನೊಳಗೆ ಬರೆದಿರುತ್ತದೆ. ಇದಕ್ಕೆ ಎಕ್ಸಿಫ್ ಅನ್ನುತ್ತಾರೆ. ತೊಂದರೆ ಬರುವುದು ಕ್ಯಾಮೆರಾದ ಗಡಿಯಾರ ತಪ್ಪಿದ್ದಾಗ. ಬ್ಯಾಟರಿ ತೆಗೆದು ಬಹಳ ದಿನ ಇಟ್ಟರೆ ಹಾಗಾಗುತ್ತದೆ. ಇದಕ್ಕೊಂದು ಒಳ್ಳೆ ಉಪಾಯ ಇದೆ. ಆ ರಾಶಿಯಲ್ಲಿ ಒಂದು ಮದುವೆ ಇದ್ದೇ ಇರುತ್ತದೆ. ಲಗ್ನಪತ್ರಿಕೆಯಲ್ಲಿ ಮುಹೂರ್ತದ ದಿನ, ಗಂಟೆ ಎರಡೂ ಅಚ್ಚಾಗಿರುತ್ತವೆ. ಧಾರೆಯ ಫೋಟೋದಲ್ಲಿ ಕ್ಯಾಮೆರಾ ಬರೆದ ಸಮಯಕ್ಕೆ ಅದನ್ನು ಹೋಲಿಸಿ. ಮುಹೂರ್ತ ಹತ್ತಿಪ್ಪತ್ತು ನಿಮಿಷ ಆಚೀಚೆ ಆಗಿರಬಹುದು, ಅಷ್ಟು ಸಾಕು. ಎಷ್ಟು ವ್ಯತ್ಯಾಸ ಬಂತೋ ಅಷ್ಟನ್ನು ಗಡಿಯಾರ ಹಾಗೇ ಓಡಿದ ಅವಧಿಯ ಫೋಟೋಗಳಿಗೆಲ್ಲ ಒಟ್ಟಿಗೆ ಸರಿಪಡಿಸಬಹುದು. ಎಕ್ಸಿಫ್‌ಟೂಲ್ ಅನ್ನುವ ಸಾಫ್ಟ್‌ವೇರ್ ಈ ಕೆಲಸವನ್ನು ಒಂದೇ ಆಜ್ಞೆಯಲ್ಲಿ ಮಾಡುತ್ತದೆ.

ವಾಟ್ಸಾಪ್ ಫೋಟೋಗಳನ್ನು ಬೇರೆಯೇ ಇಡಿ. ಕಳಿಸುವಾಗ ವಾಟ್ಸಾಪ್ ಅವನ್ನು ಕುಗ್ಗಿಸಿ ಎಕ್ಸಿಫ್ ತೆಗೆದುಹಾಕುತ್ತದೆ. ಫೈಲ್ ಹೆಸರಿನಲ್ಲಿ ಕಾಣುವುದು ಬಂದ ದಿನ, ತೆಗೆದ ದಿನ ಅಲ್ಲ. ಬೇಕಾದ ಫೋಟೋ ಇದ್ದರೆ ತೆಗೆದವರನ್ನೇ ಕೇಳಿ, ‘ಡಾಕ್ಯುಮೆಂಟ್’ ಆಗಿ ಕಳಿಸಿ ಅನ್ನಿ. ಆಗ ಮೂಲ ಫೈಲೇ ಬರುತ್ತದೆ.

ನಕಲು ಹುಡುಕುವುದಕ್ಕೆ ಡುಪ್‌ಗುರು ಅನ್ನುವ ಸಾಫ್ಟ್‌ವೇರ್ ಇದೆ. ಅಕ್ಷರಶಃ ಒಂದೇ ಆದ ಫೈಲುಗಳಲ್ಲಿ ಒಂದನ್ನು ಉಳಿಸಿ ಬೇರೆಯದನ್ನು ಅಳಿಸಿದರೆ ನಷ್ಟವಿಲ್ಲ. ‘ಒಂದೇ ಥರ ಕಾಣುವ’ ಫೋಟೋಗಳನ್ನು ಮಾತ್ರ ಕಣ್ಣಿಂದ ನೋಡಿಯೇ ಅಳಿಸಿ.

ತೀರ್ಥಹಳ್ಳಿಯಿಂದ

ಜೋಡಿಸುವುದರ ಬಗ್ಗೆ ಹೇಳಿದ್ದಾರೆ, ನಾನು ಉಳಿಸುವುದರ ಬಗ್ಗೆ ಹೇಳುತ್ತೇನೆ. ನಮ್ಮ ಕಡೆ ಡಿಸ್ಕ್‌ಗೆ ಎರಡು ಶತ್ರುಗಳು: ಏಪ್ರಿಲ್-ಮೇ ತಿಂಗಳ ಸಿಡಿಲು, ಜೂನ್ ನಂತರದ ಥಂಡಿ. ಗುಡುಗು ಕೇಳಿದ ಕೂಡಲೇ ಡಿಸ್ಕ್, ಕಂಪ್ಯೂಟರ್, ರೂಟರ್ ಎಲ್ಲದರ ಪ್ಲಗ್ ತೆಗೆಯಿರಿ. ಸ್ವಿಚ್ ಆಫ್ ಮಾಡಿದರೆ ಸಾಲದು. ಮಳೆಗಾಲದಲ್ಲಿ ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಹಾಕಿ ಡಿಸ್ಕ್ ಇಡಿ. ಹರಳಿನ ಬಣ್ಣ ಬದಲಾದರೆ ತೇವ ಹೀರಿದೆ ಅಂತ ಅರ್ಥ, ಬಿಸಿ ಮಾಡಿ ಮತ್ತೆ ಬಳಸಬಹುದು. ಕ್ಯಾಮೆರಾ ಲೆನ್ಸ್‌ಗೂ ಇದೇ ಡಬ್ಬಿ ಬೇಕು, ಇಲ್ಲದಿದ್ದರೆ ಬೂಷ್ಟು ಹಿಡಿಯುತ್ತದೆ. ಬೆಚ್ಚಗಿರಲಿ ಅಂತ ಒಲೆಯ ಮೇಲಿನ ಅಟ್ಟದಲ್ಲಿ ಇಡುವವರಿದ್ದಾರೆ. ಹೊಗೆ, ಮಸಿ ಎರಡೂ ಕೆಟ್ಟವು.

ಒಂದೇ ಮನೆಯಲ್ಲಿರುವ ಎರಡು ಪ್ರತಿಗಳನ್ನು ನಾನು ಒಂದೇ ಅಂತ ಲೆಕ್ಕ ಹಾಕುತ್ತೇನೆ. 2019ರ ಆಗಸ್ಟ್ ನೆರೆ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಬೇರೆ ಊರಿನಲ್ಲಿ. ಇದನ್ನೇ 3-2-1 ನಿಯಮ ಅನ್ನುವುದು. ನಮ್ಮ ಮೂರನೆಯ ಡಿಸ್ಕ್ ಬೆಂಗಳೂರಿನಲ್ಲಿ ತಂಗಿಯ ಮನೆಯಲ್ಲಿದೆ. ಹಬ್ಬಕ್ಕೆ ಬರುವಾಗ ಅವಳು ಅದನ್ನು ತರುತ್ತಾಳೆ, ಹೊಸ ಫೋಟೋ ತುಂಬಿಸಿಕೊಂಡದ್ದನ್ನು ಒಯ್ಯುತ್ತಾಳೆ.

ಗೂಗಲ್ ಫೋಟೋಸ್ ಹುಡುಕುವುದಕ್ಕೆ ಚೆನ್ನಾಗಿದೆ. ಅದೊಂದನ್ನೇ ನಂಬಬೇಡಿ. 2021ರ ಜೂನ್ 1ರಿಂದ ಹೊಸದಾಗಿ ಹಾಕುವ ಫೋಟೋಗಳೆಲ್ಲ ಗೂಗಲ್ ಉಚಿತವಾಗಿ ಕೊಡುವ 15 ಜಿಬಿ ಜಾಗದ ಲೆಕ್ಕಕ್ಕೆ ಬರುತ್ತವೆ, ಜಿಮೇಲ್ ಕೂಡ ಅದರಲ್ಲೇ. ಬ್ಯಾಕಪ್ ಆನ್ ಇದ್ದಾಗ ಫೋನಿನಲ್ಲಿ ಆ ಆ್ಯಪ್‌ನಿಂದ ಅಳಿಸಿದರೆ ಎರಡೂ ಕಡೆ ಹೋಗುತ್ತದೆ. ಕಸದ ಬುಟ್ಟಿಯಲ್ಲಿ 60 ದಿನ ಇರುತ್ತದೆ, ಅಷ್ಟೇ.

ಮಂಡಗದ್ದೆ ಕಡೆಯಿಂದ

ನಾನು ಹಕ್ಕಿ ಫೋಟೋ ತೆಗೆಯುವವನು. ಒಂದು ಬೆಳಿಗ್ಗೆ ಹೊಳೆ ದಂಡೆಯಲ್ಲಿ ಕೂತರೆ ಕಾರ್ಡ್ ತುಂಬುತ್ತದೆ. ಒಂದೊಂದನ್ನೇ ‘ಅಳಿಸಲಾ?’ ಅಂತ ಕೇಳಿಕೊಂಡರೆ ಮುಗಿಯುವುದೇ ಇಲ್ಲ. ತಿರುಗಿಸಿ ಕೇಳಿ: ಇದರಲ್ಲಿ ಯಾವುದನ್ನು ನಾಲ್ಕು ಜನರಿಗೆ ತೋರಿಸುತ್ತೇನೆ? ಅವಕ್ಕೆ ಮಾತ್ರ ಸ್ಟಾರ್ ಕೊಡಿ, ಟ್ಯಾಗ್ ಹಾಕಿ. ಉಳಿದವು ದಿನಾಂಕದ ಫೋಲ್ಡರ್‌ನಲ್ಲಿ ಸುಮ್ನೆ ಇರಲಿ.

ಕೊಪ್ಪದಿಂದ

ಮೇಲಿನವರು ಹೇಳಿದ್ದೆಲ್ಲ ಸರಿ, ಆದರೆ ನನ್ನ ಪ್ರಕಾರ ಕ್ರಮ ತಿರುಗಬೇಕು. ಡಿಜಿಟಲ್ ಫೋಟೋದಲ್ಲಿ ದಿನಾಂಕ ಇದೆ, ಎಷ್ಟೋ ಸಲ ಜಾಗವೂ ಇದೆ. ಅಪ್ಪನ ಆಲ್ಬಮ್‌ನಲ್ಲಿ ಇವೆರಡೂ ಇಲ್ಲ. ಅಲ್ಲಿರುವವರು ಯಾರು ಅಂತ ಹೇಳಬಲ್ಲವರು ಮನೆಯಲ್ಲಿ ಒಬ್ಬರೋ ಇಬ್ಬರೋ, ಅವರಿಗೂ ವಯಸ್ಸಾಗಿದೆ. ಡಿಜಿಕ್ಯಾಮ್ ಮುಖ ಗುರುತಿಸುತ್ತದೆ, ನಿಜ. ಹೆಸರನ್ನು ಒಮ್ಮೆಯಾದರೂ ಮನುಷ್ಯರೇ ಹೇಳಿಕೊಡಬೇಕಲ್ಲ.

ಹೆಸರುಗಳನ್ನು ಕನ್ನಡದಲ್ಲೇ ಬರೆಯಿರಿ, ಯುನಿಕೋಡ್‌ನಲ್ಲಿ, ಅಂದರೆ ಯಾವ ಫೋನು, ಕಂಪ್ಯೂಟರಿನಲ್ಲೂ ಓದಲು ಬರುವ ಅಕ್ಷರದಲ್ಲಿ. ತೀರ್ಥಹಳ್ಳಿಯನ್ನು ಇಂಗ್ಲಿಷ್‌ನಲ್ಲಿ ಮನೆಯವರು ಒಬ್ಬೊಬ್ಬರು ಒಂದೊಂದು ಥರ ಬರೆದಿಟ್ಟರೆ ಹುಡುಕಿದಾಗ ಅರ್ಧವೇ ಸಿಗುತ್ತದೆ. ನುಡಿ, ಬರಹದ ಹಳೆ ಫಾಂಟಿನಲ್ಲಿ ಮಾಡಿದ ಪಟ್ಟಿ ಇದ್ದರೆ ಈಗಲೇ ಯುನಿಕೋಡ್‌ಗೆ ಬದಲಿಸಿಕೊಳ್ಳಿ. ‘ದೊಡ್ಡಮ್ಮ’, ‘ಅಜ್ಜ’ ಅಂತ ಬರೆದರೆ ಸಾಲದು. ನಿಮ್ಮ ಅಜ್ಜ ನಿಮ್ಮ ಮಗಳಿಗೆ ಅಜ್ಜ ಅಲ್ಲ. ಪೂರ್ತಿ ಹೆಸರು, ಮನೆ, ಊರು ಬರೆಯಿರಿ.

ಸ್ಕ್ಯಾನ್ ಮಾಡುವಾಗ 600 ಡಿಪಿಐ (ಇಂಚಿಗೆ 600 ಚುಕ್ಕಿ) ಇಡಿ. ಸಣ್ಣ ಪ್ರಿಂಟ್‌ನಲ್ಲೂ ಮುಖ ದೊಡ್ಡದು ಮಾಡಿ ನೋಡಬಹುದು. ಹಿಂಬದಿಯನ್ನೂ ಸ್ಕ್ಯಾನ್ ಮಾಡಿ. ಸ್ಟುಡಿಯೋದ ಮುದ್ರೆ, ಪೆನ್ಸಿಲ್‌ನಲ್ಲಿ ಬರೆದ ಇಸವಿ ಅಲ್ಲಿರುತ್ತವೆ. ಸ್ಕ್ಯಾನ್ ಫೈಲಿನಲ್ಲಿ ಇರುವುದು ಸ್ಕ್ಯಾನ್ ಮಾಡಿದ ದಿನ, ಅದನ್ನು ಬದಲಿಸಿ. ಇಸವಿ ಖಚಿತ ಇಲ್ಲದಿದ್ದರೆ ಫೋಲ್ಡರ್‌ಗೆ ‘1975 ಸುಮಾರು’ ಅನ್ನಿ, ಸಾಕು.

ಹೆಸರು ಕೇಳುವುದಕ್ಕೆ ಸ್ಕ್ಯಾನ್ ಆಗುವ ತನಕ ಕಾಯಬೇಕಿಲ್ಲ. ಮದುವೆಯ ಗ್ರೂಪ್ ಫೋಟೋ ಇರುವ ಆಲ್ಬಮ್ ಹಿಡಿದು ಈ ಭಾನುವಾರವೇ ಹಿರಿಯರ ಹತ್ತಿರ ಕೂತುಕೊಳ್ಳಿ. ಫೋನಿನಲ್ಲಿ ಮಾತು ರೆಕಾರ್ಡ್ ಮಾಡಿ. ಪ್ರತಿ ಫೋಟೋಗೂ ಆಲ್ಬಮ್ ಸಂಖ್ಯೆ, ಪುಟ ಸಂಖ್ಯೆ ಗಟ್ಟಿಯಾಗಿ ಹೇಳಿ, ನಿಂತವರನ್ನು ಎಡದಿಂದ ಒಬ್ಬೊಬ್ಬರಾಗಿ ಕೇಳಿ. ಆಮೇಲೆ ಸ್ಕ್ಯಾನ್ ಫೈಲಿಗೂ ಆ ರೆಕಾರ್ಡಿಂಗ್‌ಗೂ ಅದೇ ಸಂಖ್ಯೆ ಕೊಟ್ಟರೆ ಎರಡೂ ಜೋಡಿಯಾಗಿರುತ್ತವೆ.