ಅಗ್ಗದ ಮಲ್ಟಿಮೀಟರಿಗೆ ‘ನಿಖರ’ವೋ, ‘ಬರೋಬ್ಬರಿ’ಯೋ, ‘ಖಾತ್ರಿ’ಯೋ?

ಎಲ್ಲರಿಗೂ ನಮಸ್ಕಾರ.

ವೋಲ್ಟೇಜು, ಕರೆಂಟು ಅಳೆಯುವ ಮನೆಬಳಕೆಯ ಅಗ್ಗದ ಡಿಜಿಟಲ್ ಮಲ್ಟಿಮೀಟರಿನ ಬಗ್ಗೆ ನಮ್ಮ ಹುಬ್ಬಳ್ಳಿ ಕಡೆಯ ಓದುಗರಿಗಾಗಿ ಒಂದು ಸಣ್ಣ ಕೈಪಿಡಿ ಬರೆಯುತ್ತಿದ್ದೇನೆ. ಎಲೆಕ್ಟ್ರಿಕ್ ಅಂಗಡಿಗಳಲ್ಲಿ ಸಿಗುವ, ನಡುವೆ ತಿರುಗುವ ಗುಂಡಿ ಇರುವ ಡಿಟಿ-830 ಬಗೆಯ ಮೀಟರು ಎಂದರೆ ಹೆಚ್ಚಿನವರಿಗೆ ಗೊತ್ತಾಗುತ್ತದೆ. ಕೊಳ್ಳುವವರು ಕೇಳುವುದು ಒಂದೇ ಮಾತು: “ಇದನ್ನ ನಂಬಬಹುದೇನ್ರಿ?” ಉತ್ತರ ಬರೆಯಲು ಕೂತರೆ ಆ ಒಂದು ಪ್ರಶ್ನೆ ಹಲವು ಪ್ರಶ್ನೆಗಳಾಗಿ ಒಡೆಯುತ್ತದೆ. ನಮ್ಮ ತಾಂತ್ರಿಕ ಬರಹದಲ್ಲೋ ಎಲ್ಲಕ್ಕೂ ‘ನಿಖರತೆ’, ‘ವಿಶ್ವಾಸಾರ್ಹತೆ’ ಎಂಬ ಎರಡೇ ಪದಗಳು ಓಡಾಡುತ್ತವೆ.

ಉದಾಹರಣೆಗೆ, ಈ ಬಗೆಯ ಮೀಟರಿನ ಜೊತೆ ಬರುವ ಹಾಳೆಯಲ್ಲಿ ಎಸಿ ವೋಲ್ಟೇಜಿಗೆ ಸಾಮಾನ್ಯವಾಗಿ ‘ಶೇಕಡಾ 1.2, ಮೇಲೆ 10 ಡಿಜಿಟ್’ ಹೆಚ್ಚುಕಡಿಮೆ ಎಂದಿರುತ್ತದೆ. ‘10 ಡಿಜಿಟ್’ ಎಂದರೆ ಹತ್ತು ಅಂಕಿಗಳಲ್ಲ, ಕೊನೆಯ ಸ್ಥಾನದ ಹತ್ತು ಹೆಜ್ಜೆ. ಮನೆಯ 230 ವೋಲ್ಟನ್ನು 200ರ ರೇಂಜಿನಲ್ಲಿ (ಗುಂಡಿ ತಿರುಗಿಸಿ ಆರಿಸುವ ಅಳತೆಯ ಮಿತಿಯಲ್ಲಿ) ಅಳೆಯಲಾಗದು, ಅದರ ಮೇಲಿನ 600 ಅಥವಾ 750ರ ರೇಂಜೇ ಬೇಕು. ಅಲ್ಲಿ ಒಂದು ಹೆಜ್ಜೆ ಎಂದರೆ ಒಂದು ವೋಲ್ಟು. 230ರ ಶೇಕಡಾ 1.2 ಸುಮಾರು 3 ವೋಲ್ಟು, ಅದಕ್ಕೆ 10 ಸೇರಿಸಿದರೆ 13. ಅಂದರೆ ಖರೆ 230 ಇದ್ದಾಗ ಮೀಟರು 217 ತೋರಿಸಿದರೂ 243 ತೋರಿಸಿದರೂ ತಾನು ಕೊಟ್ಟ ಮಾತಿನೊಳಗೇ ಇದೆ. ಅದೇ ಮೀಟರನ್ನು ಡಿಸಿ 20 ವೋಲ್ಟಿಗೆ ತಿರುಗಿಸಿ ಇನ್ವರ್ಟರ್ ಬ್ಯಾಟರಿ ಅಳೆಯಿರಿ. ಅಲ್ಲಿ ಹೆಚ್ಚುಕಡಿಮೆ ಶೇಕಡಾ 0.5, ಮೇಲೆ 2 ಹೆಜ್ಜೆ. 12.60 ತೋರಿಸಿದರೆ ಒಂದು ವೋಲ್ಟಿನ ಹತ್ತನೇ ಒಂದು ಭಾಗದಷ್ಟೂ ತಪ್ಪಿರಲಾರದು. ತುಂಬಿದ ಬ್ಯಾಟರಿ 12.6ರ ಆಸುಪಾಸು, ಅರ್ಧ ಖಾಲಿಯಾದದ್ದು 12.2ರ ಆಸುಪಾಸು ಇರುವುದರಿಂದ ಆ ಕೆಲಸಕ್ಕೆ ಈ ಮೀಟರು ಧಾರಾಳವಾಗಿ ಸಾಕು. ಒಂದೇ ಡಬ್ಬಿ ಒಂದು ಕೆಲಸಕ್ಕೆ ಪಕ್ಕಾ, ಇನ್ನೊಂದಕ್ಕೆ ಅಂದಾಜು.

ತೆರೆಯ ಮೇಲೆ ಎಷ್ಟು ಸಣ್ಣ ವ್ಯತ್ಯಾಸ ಕಾಣುತ್ತದೆ ಎಂಬುದಕ್ಕೂ ಕಂಡದ್ದು ಎಷ್ಟು ಸರಿ ಎಂಬುದಕ್ಕೂ ‘ನಿಖರತೆ’ ಎಂದೇ ಬರೆದರೆ ಓದುವವರು ದಾರಿ ತಪ್ಪುತ್ತಾರೆ. ಮೊದಲನೆಯದಕ್ಕೆ ‘ಸೂಕ್ಷ್ಮತೆ’ ಎನ್ನೋಣವೆಂದರೆ ಅದು ಸೆನ್ಸಿಟಿವಿಟಿಗೆ, ಅಂದರೆ ಮೀಟರು ಎಷ್ಟು ಸಣ್ಣದಕ್ಕೂ ಸ್ಪಂದಿಸುತ್ತದೆ ಎಂಬುದಕ್ಕೆ, ಆಗಲೇ ಸಂದಿದೆ. ಎರಡನೆಯದಕ್ಕೆ ನಮ್ಮಲ್ಲಿ ಜೀವಂತ ಪದವೇ ಇದೆ: ಬರೋಬ್ಬರಿ. “ಮೀಟರ್ ಬರೋಬ್ಬರಿ ತೋರಸಾಕತ್ತೇತಿ ನೋಡ್ರಿ” ಅಂದರೆ ಇಲ್ಲಿ ಯಾರಿಗೂ ಅರ್ಥ ಹೇಳಬೇಕಿಲ್ಲ. ಆದರೆ ಪತ್ರಿಕೆ, ಟಿವಿಗಳಲ್ಲಿ ‘ಬರೋಬ್ಬರಿ 5 ಕೋಟಿ’ ಎಂದು ‘ಅಬ್ಬಾ, ಅಷ್ಟೊಂದು’ ಎನ್ನುವ ಅರ್ಥದಲ್ಲಿ ಅದು ಹರಡಿಬಿಟ್ಟಿದೆ. ‘ಬರೋಬ್ಬರಿ 230 ವೋಲ್ಟ್’ ಎಂದು ನಾನು ಬರೆದರೆ ಮೈಸೂರಿನ ಓದುಗರು ಏನೆಂದುಕೊಳ್ಳುತ್ತಾರೆ? ಆ ಕಡೆಯವರು ದಯವಿಟ್ಟು ತಿಳಿಸಿ. ನನ್ನ ಒಲವಂತೂ ನಮ್ಮ ಅರ್ಥವನ್ನು ಬಿಟ್ಟುಕೊಡಬಾರದು ಎಂಬ ಕಡೆಗೇ ಇದೆ.

ಸೆಲ್ ಇಳಿದಾಗಿನ ಮಾತು ಇನ್ನೂ ಸೊಗಸು. ಒಳಗಿನ 9 ವೋಲ್ಟಿನ ಸೆಲ್ ತೀರಾ ಸೊರಗಿದರೆ ಮೀಟರು ಹೋಲಿಕೆಗೆ ಇಟ್ಟುಕೊಂಡ ವೋಲ್ಟೇಜೇ ಕುಸಿಯುತ್ತದೆ, ಆಗ ಓದು ಇರುವುದಕ್ಕಿಂತ ಮೇಲೇರುತ್ತದೆ. ರಿಪೇರಿಯವರು ಇದಕ್ಕೆ “ಮೀಟರ್ ಸುಳ್ಳ ಹೇಳಾಕತ್ತೇತಿ, ಸೆಲ್ ಬದಲಸ್ರಿ” ಅನ್ನುತ್ತಾರೆ. ಈ ‘ಸುಳ್ಳು ಹೇಳು’ವನ್ನು ಕೈಪಿಡಿಯಲ್ಲಿ ಹಾಗೇ ಇಟ್ಟಿದ್ದೇನೆ. ‘ದೋಷಪೂರಿತ ವಾಚನ’ಕ್ಕಿಂತ ಅದೇ ಮನಸ್ಸಿಗೆ ನಾಟುತ್ತದೆ.

ನನಗೆ ನಿಜವಾಗಿ ಚಿಂತೆ ಹತ್ತಿಸಿರುವುದು, ಹೆಚ್ಚಿನ ಕರೆಂಟು ಅಳೆಯಲು ಕೆಂಪು ವಾಯರು ಸಿಕ್ಕಿಸುವ 10 ಆಂಪಿಯರಿನ ತೂತಿನ ಪಕ್ಕದಲ್ಲಿರುವ ಪದ. ಎಷ್ಟೋ ಅಗ್ಗದ ಮೀಟರುಗಳಲ್ಲಿ ಅಲ್ಲಿ ‘ಅನ್‌ಫ್ಯೂಜ್ಡ್’ ಎಂದು ಇಂಗ್ಲಿಷಿನಲ್ಲಿ ಅಚ್ಚಾಗಿರುತ್ತದೆ. ಕರೆಂಟು ಮಿತಿಮೀರಿದರೆ ತಾನೇ ಕರಗಿ ಕಾಪಾಡುವ ಫ್ಯೂಜ್ ಆ ದಾರಿಯಲ್ಲಿ ಇಲ್ಲವೇ ಇಲ್ಲ ಎಂದು ಅದರ ಅರ್ಥ. ನಮ್ಮ ಮಾತಿನಲ್ಲಿ ‘ಬಲ್ಬ್ ಫ್ಯೂಜ್ ಆತು’ ಎಂದರೆ ಬಲ್ಬು ಸುಟ್ಟಿತು. ಆ ಬಳಕೆಯಲ್ಲೇ ಬೆಳೆದ ಕಣ್ಣಿಗೆ ‘ಅನ್‌ಫ್ಯೂಜ್ಡ್’ ಎಂದರೆ ‘ಸುಟ್ಟಿಲ್ಲ, ಚಲೋ ಐತಿ’ ಎಂದು ತೋರಿದರೆ ಆಶ್ಚರ್ಯವಿಲ್ಲ. ಅಪಾಯ ಇರುವುದೇ ಅಲ್ಲಿ. ಕೆಂಪು ವಾಯರನ್ನು ಆ ತೂತಿನಲ್ಲೇ ಬಿಟ್ಟು, ಕಡ್ಡಿಗಳನ್ನು ಗೋಡೆಯ ಪ್ಲಗ್ಗಿಗೆ ಚುಚ್ಚಿದರೆ ಫೇಸಿಗೂ ನ್ಯೂಟ್ರಲ್ಲಿಗೂ ನೇರ ಶಾರ್ಟ್. ಮೀಟರಿನೊಳಗೆ ತಡೆಯುವುದು ಏನೂ ಇಲ್ಲ. ಬರೋಬ್ಬರಿ ತೋರಿಸುವ ಮೀಟರೂ ಹೀಗೆ ಕೈ ಸುಡಬಲ್ಲದು. ಆದ್ದರಿಂದ ಸುರಕ್ಷತೆಯ ಮಾತನ್ನು ‘ವಿಶ್ವಾಸಾರ್ಹತೆ’ಯೊಳಗೆ ಮುಚ್ಚಿಡದೆ ಬೇರೆಯಾಗಿಯೇ ಹೇಳಬೇಕೆಂದು ನನ್ನ ಗಟ್ಟಿ ಅಭಿಪ್ರಾಯ. ‘ಖಾತ್ರಿ’ಯನ್ನು ಅದಕ್ಕೆಂದೇ ಮೀಸಲಿಡುವ ಮನಸ್ಸಿದೆ: ‘ಮೇನ್ ಬೋರ್ಡಿಗೆ ಈ ಮೀಟರಿನ ಖಾತ್ರಿ ಇಲ್ಲ’ ಎಂಬಂತೆ. ಗ್ಯಾರಂಟಿ ಕಾರ್ಡಿನ ಅರ್ಥ ಅಡ್ಡ ಬರುತ್ತದೆಯೇ?

‘ಅನ್‌ಫ್ಯೂಜ್ಡ್’ಗೆ ಸದ್ಯ ‘ಈ ತೂತಿಗೆ ಫ್ಯೂಜ್ ಕೂಡಿಸಿಲ್ಲ’ ಎಂದು ಬರೆದಿದ್ದೇನೆ. ಉದ್ದವಾಯಿತು, ಆದರೆ ಎರಡರ್ಥಕ್ಕೆ ಎಡೆಯಿಲ್ಲ. ಗದಗ, ಹಾವೇರಿ ಕಡೆ ಪಂಪ್‌ಸೆಟ್ ರಿಪೇರಿ ಮಾಡುವವರ ಒಡನಾಟ ಇದ್ದವರು, ಅವರ ಬಾಯಲ್ಲಿ ಇದಕ್ಕೆ ಇನ್ನೂ ಚಿಕ್ಕ ಮಾತಿದ್ದರೆ ಅವರು ಆಡಿದ ಹಾಗೇ ಬರೆದು ಕಳಿಸಿ.