ಅಶ್ವಗಂಧಕ್ಕೆ ಎರಡು ಚೀಲ ಯೂರಿಯಾ?

ಮಂಜು: (ಫಾರ್ವರ್ಡ್ ವಿಡಿಯೋ: "ಅಶ್ವಗಂಧಕ್ಕೆ ಎಕರೆಗೆ 2 ಚೀಲ ಯೂರಿಯಾ ಹಾಕಿ, ಬೇರು ದುಪ್ಪಟ್ಟು!") ಚಿಕ್ಕಪ್ಪ, ನೋಡಿ.

ಚಿಕ್ಕಪ್ಪ: ದುಪ್ಪಟ್ಟಾಗೋದು ಸೊಪ್ಪು ಕಣೋ. 45 ಕೆಜಿ ಚೀಲ, ಶೇ. 46 ಸಾರಜನಕ. ಎರಡು ಚೀಲಕ್ಕೆ 41 ಕೆಜಿ ಆಯ್ತು. ಈ ಬೆಳೆಗೆ ಹೆಕ್ಟೇರಿಗೇ 15 ಸಾಕು, ಎಕರೆಗೆ 6.

ಶಂಕರ್ ಮಾವ: ಆ ಆರೂ ಯಾಕೆ ಭಾವ? ಔಷಧಿ ಗಿಡಕ್ಕೆ ಸರ್ಕಾರಿ (ರಾಸಾಯನಿಕ) ಗೊಬ್ಬರ ಸೋಕಿಸಲೇಬಾರದು. ಎರಡು ಟನ್ ಕೋಳಿ ಗೊಬ್ಬರ ಹಾಕಿ, ಮುಗೀತು.

ರಶ್ಮಿ: ಮಾವ, ಕೋಳಿ ಗೊಬ್ಬರದಲ್ಲಿ ಟನ್ನಿಗೆ 20-30 ಕೆಜಿ ಸಾರಜನಕ ಇರುತ್ತೆ. ಎರಡು ಟನ್ ಅಂದ್ರೆ ಆ ವಿಡಿಯೋದವನನ್ನೂ ಮೀರಿಸಿದ ಹಾಗೆ! ಗಿಡಕ್ಕೆ ಸಾರಜನಕ ಜಾಸ್ತಿಯಾದ್ರೆ ಎಲೆ ಹಳದಿಗೆ ತಿರುಗಲ್ಲ, ಕೊಯ್ಲು ಮುಂದಕ್ಕೆ ಹೋಗುತ್ತೆ, ಬೇರಲ್ಲಿ ಹಿಟ್ಟು ತುಂಬೋ ಬದಲು ನಾರು ಬರುತ್ತೆ. ಒಣಗಿದ ಬೇರು ಪಟ್ಟಂತ ಮುರಿದು ಒಳಗೆ ಬೆಳ್ಳಗಿರಬೇಕು. ವ್ಯಾಪಾರಿ ಮೊದಲು ನೋಡೋದೇ ಅದನ್ನ.

ಮಂಜು: ಮತ್ತೆ ತುಳಸಿಗೆ ಕೊಡ್ತಾರಲ್ಲ ಯೂರಿಯಾ?

ರಶ್ಮಿ: ಅಲ್ಲಿ ಮಾರೋದೇ ಸೊಪ್ಪು. ಪ್ರತಿ ಕಟಾವಿನ ಮೇಲೆ ಸ್ವಲ್ಪ ಕೊಟ್ರೆ ಚಿಗುರುತ್ತೆ. ಆದ್ರೆ ಎಣ್ಣೆಯ ಶೇಕಡಾವಾರು ಏರಲೇಬೇಕು ಅಂತಿಲ್ಲ, ಸೊಪ್ಪಿನ ತೂಕ ಏರೋದ್ರಿಂದ ಎಕರೆಗೆ ಸಿಗೋ ಎಣ್ಣೆ ಹೆಚ್ಚುತ್ತೆ. ಸದಾಪುಷ್ಪದ್ದು ಇನ್ನೊಂದು ಲೆಕ್ಕ: ಅದರ ಔಷಧಿ ಅಂಶವಾದ ಆಲ್ಕಲಾಯ್ಡಿನಲ್ಲೇ ಸಾರಜನಕ ಇದೆ. ಅಶ್ವಗಂಧದ ಔಷಧಿ ಅಂಶ ವಿಥನೊಲೈಡಿನಲ್ಲಿ ಅದು ಇಲ್ಲ.

ಶಂಕರ್ ಮಾವ: ರಂಜಕದ ಗೊಬ್ಬರದಲ್ಲಿ ಕ್ಯಾಡ್ಮಿಯಂ ಅನ್ನೋ ವಿಷಲೋಹ ಬರುತ್ತಲ್ಲ, ಅದಕ್ಕೇನಂತೀಯ?

ರಶ್ಮಿ: ಅದು ನಿಜ ಮಾವ. ಆ ಗೊಬ್ಬರ ಮಾಡೋ ಕಲ್ಲುರಂಜಕದಿಂದಲೇ ಬರೋದು, ವರ್ಷಾನುವರ್ಷ ಮಣ್ಣಲ್ಲಿ ಕೂಡ್ತಾ ಹೋಗುತ್ತೆ. ಆಯುರ್ವೇದ ಕಚ್ಚಾವಸ್ತುವಿನಲ್ಲಿ ಅದಕ್ಕೆ ಮಿತಿ 0.3 ಪಿಪಿಎಂ (ಹತ್ತು ಲಕ್ಷ ಭಾಗದಲ್ಲಿ ಇಷ್ಟು ಅಂತ), ಸೀಸಕ್ಕೆ 10. ಆದ್ರೆ ಊರ ಕಸದ ಕಾಂಪೋಸ್ಟಿನಲ್ಲೂ ಸೀಸ ಇರಬಹುದು. ಸಾವಯವ ಅಂದ ಮಾತ್ರಕ್ಕೆ ಪಾರಾಗಲ್ಲ.

ಚಿಕ್ಕಪ್ಪ: ಜಗಳ ಸಾಕು. ಕೊನೆ ಉಳುಮೆಗೆ ಎಕರೆಗೆ 4 ಟನ್ ಕೊಟ್ಟಿಗೆ ಗೊಬ್ಬರ, ಚೆನ್ನಾಗಿ ಕಳಿತಿರಬೇಕು. ಹಸಿ ಸಗಣಿ ಹಾಕಿದ್ರೆ ಗೊಣ್ಣೆಹುಳು ಬಂದು ಬೇರನ್ನೇ ತಿನ್ನುತ್ತೆ. ಬಿತ್ತುವಾಗ ರಂಜಕಕ್ಕೆ ಸೂಪರ್ ಫಾಸ್ಫೇಟ್ 37 ಕೆಜಿ, ಯೂರಿಯಾ ಆರೂವರೆ. ಬಿತ್ತಿದ ತಿಂಗಳಿಗೆ ಕಳೆ ತೆಗೆದು, ಒತ್ತಾದ ಸಸಿ ಕಿತ್ತು, ಮಣ್ಣು ಹಸಿ ಇದ್ದಾಗ ಇನ್ನಾರೂವರೆ. ಆಮೇಲೆ ಚೀಲ ಮುಟ್ಟಬೇಡ. ನೀರು ನಿಲ್ಲೋ ಎರೆ ಭೂಮಿಯಾದ್ರೆ ಬಿತ್ತಲೇಬೇಡ, ಬೇರು ಕೊಳೆಯುತ್ತೆ.

ಶಂಕರ್ ಮಾವ: ಮಣ್ಣು ಪರೀಕ್ಷೇಲಿ ರಂಜಕ ಜಾಸ್ತಿ ಅಂತ ಬಂದ್ರೆ ಆ 37 ಕೆಜೀನೂ ಬಿಡಬಹುದು ತಾನೆ?

ಚಿಕ್ಕಪ್ಪ: ಬಿಡಬಹುದು. ಅಷ್ಟು ಒಪ್ಪಿದೆ.

ಮಂಜು: ಹಂಗಾದ್ರೆ ನಿನ್ನೆ ತಂದ ಎರಡು ಚೀಲ?

ಚಿಕ್ಕಪ್ಪ: ಮುಸುಕಿನ ಜೋಳಕ್ಕೆ ಹಾಕು.